ಗುಂಯ್‌ಗುಟ್ಟಿದರೂ ಪಿ-90 ಪಿಕಪ್ಪನ್ನು ಗಿಟಾರ್ ವಾದಕರು ಬಿಡದಿರುವುದೇಕೆ?

ಆರನೆಯ ತಂತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ನನ್ನಲ್ಲಿರುವ ಎರಡು ಗಿಟಾರ್‌ಗಳಲ್ಲಿ ಒಂದು ಮೂರು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್‌ಗಳಿರುವ (ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ-ಸುರುಳಿಯ ಭಾಗ) ಸ್ಟ್ರಾಟೋಕ್ಯಾಸ್ಟರ್ ಮಾದರಿಯದು, ಇನ್ನೊಂದು ಹಂಬಕರ್ ಎಂಬ ಜೋಡಿ ಸುರುಳಿಯ ಪಿಕಪ್‌ಗಳು ಎರಡಿರುವ ಲೆಸ್ ಪಾಲ್ ಮಾದರಿಯದು. ನನಗೆ ಬೇಕಾದ ನಾದವೆಲ್ಲ ಇವೆರಡರ ನಡುವೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ ಎಂದು ಇಷ್ಟು ದಿನ ನಂಬಿದ್ದೆ. ಕಳೆದ ತಿಂಗಳು ಗೆಳೆಯನೊಬ್ಬ ತನ್ನ ಲೆಸ್ ಪಾಲ್ ಜೂನಿಯರ್ ಮಾದರಿಯ ಗಿಟಾರನ್ನು ನನ್ನ ಬಳಿ ಬಿಟ್ಟು ಊರಿಗೆ ಹೋದ ಮೇಲೆ ಆ ನಂಬಿಕೆ ಸಡಿಲವಾಗಿದೆ.

ಅದರಲ್ಲಿರುವುದು ಬ್ರಿಡ್ಜಿನ ಬಳಿ ಒಂದೇ ಒಂದು ಪಿ-90 ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಪಿಕಪ್ ಬದಲಿಸುವ ಸ್ವಿಚ್ ಕೂಡ ಇಲ್ಲ. ಇಷ್ಟು ಬಡ ಗಿಟಾರಿನಲ್ಲಿ ಎರಡೇ ದಿನಕ್ಕೆ ಬೇಸರ ಬಂದೀತು ಎಂದುಕೊಂಡಿದ್ದವನು ಅಂದಿನಿಂದ ನನ್ನ ಸ್ವಂತ ಗಿಟಾರುಗಳ ಪೆಟ್ಟಿಗೆಯನ್ನೇ ತೆರೆದಿಲ್ಲ. ಆಂಪಿನ (ಧ್ವನಿವರ್ಧಕದ) ಗೇನನ್ನು ಒಂದಿಷ್ಟು ಏರಿಸಿ, ಗಿಟಾರಿನ ವಾಲ್ಯೂಮ್ ಗುಬುಟನ್ನು 10ರಲ್ಲಿಟ್ಟು ಗಟ್ಟಿಯಾಗಿ ಮೀಟಿದರೆ ಗಂಟಲು ಕಟ್ಟಿದ ಹಾಡುಗಾರನ ದನಿಯಂತೆ ಒರಟಾಗಿ ಕೇಳುತ್ತದೆ. ಅದೇ ಗುಬುಟನ್ನು 5ಕ್ಕೆ ಇಳಿಸಿ ಬೆರಳ ತುದಿಯಲ್ಲಿ ಮೀಟಿದರೆ ಆರೂ ತಂತಿಗಳನ್ನು ಬಿಡಿಬಿಡಿಯಾಗಿ ಎಣಿಸುವಷ್ಟು ತಿಳಿಯಾಗುತ್ತದೆ. ಪೆಡಲ್ ತುಳಿದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಿರುಬೆರಳೇ ಮಾಡುತ್ತಿದೆ.

ಆದರೆ ಮೀಟುವುದನ್ನು ನಿಲ್ಲಿಸಿದ ಕೂಡಲೇ ಕೋಣೆಗೆ ಕಣಜ ಹೊಕ್ಕಂತೆ ಗುಂಯ್ ಎಂಬ ಸದ್ದು. ಸ್ಟ್ರಾಟ್ ಮಾದರಿಯದೂ ಸದ್ದು ಮಾಡುತ್ತದೆ, ಆದರೆ ಇದರದ್ದು ಅದಕ್ಕಿಂತ ಜೋರು. ಈ ಗುಂಯ್‌ಕಾರವನ್ನು ಅಳಿಸಲೆಂದೇ 1950ರ ದಶಕದಲ್ಲಿ ಹಂಬಕರ್ ಹುಟ್ಟಿತೆಂದು ಎಲ್ಲರೂ ಹೇಳುತ್ತಾರೆ. ಮದ್ದು ಸಿಕ್ಕಿ ಇಷ್ಟು ಕಾಲವಾದ ಮೇಲೂ ಗಿಟಾರಿಗರು ಹಳೆಯ ಕಾಯಿಲೆಯನ್ನೇ ದುಡ್ಡು ಕೊಟ್ಟು ಕೊಳ್ಳುತ್ತಿರುವುದೇಕೆ? ಸ್ಟ್ರಾಟಿನದೂ ಒಂದೇ ಸುರುಳಿ, ಇದರದ್ದೂ ಒಂದೇ ಸುರುಳಿ ಎಂದ ಮೇಲೆ ನಾದದಲ್ಲಿ ಇಷ್ಟು ಅಂತರ ಎಲ್ಲಿಂದ ಬಂತು? ಅಂಗಡಿಯಲ್ಲಿ ಕೇಳಿದರೆ ‘ಸಿಂಗಲ್ ಕಾಯಿಲ್‌ಗೂ ಹಂಬಕರ್‌ಗೂ ನಡುವಿನದು’ ಎಂಬ ಒಂದೇ ಉತ್ತರ ಸಿಗುತ್ತದೆ. ನನ್ನ ಕಿವಿ ಅದನ್ನು ಒಪ್ಪುತ್ತಿಲ್ಲ. ನನ್ನ ಹಂಬಕರ್ ಗಿಟಾರಿಗೆ ಇದನ್ನು ಹಾಕಿಸಬಹುದೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಬೆಸುಗೆ ಕಡ್ಡಿ ಉತ್ತರಿಸಿದ್ದು:

ನಿಮ್ಮ ಕಿವಿ ಸರಿಯಾಗಿಯೇ ಇದೆ. ‘ನಡುವಿನದು’ ಎಂಬ ಮಾತು ಕಾಲದ ಲೆಕ್ಕಕ್ಕೇ ಒಗ್ಗುವುದಿಲ್ಲ. ಗಿಬ್ಸನ್ ಕಂಪನಿಯ ಪಿ-90 ಬಂದದ್ದು 1946ರಲ್ಲಿ. ಫೆಂಡರ್‌ನವರ ಸ್ಟ್ರಾಟೋಕ್ಯಾಸ್ಟರ್ 1954ರದ್ದು, ಗಿಬ್ಸನ್ನಿನ ಹಂಬಕರ್ ಗಿಟಾರುಗಳಲ್ಲಿ ಕಾಣಿಸಿಕೊಂಡದ್ದು 1957ರಲ್ಲಿ. ಇನ್ನೂ ಹುಟ್ಟದ ಇಬ್ಬರ ನಡುವೆ ಹೋಗಿ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ.

ಗಿಟಾರ್ ದುರಸ್ತಿ ನನ್ನ ಸಂಜೆಯ ಕಸುಬು. ಹಾಗಾಗಿ ಮೇಲಿನ ಮುಚ್ಚಳ ತೆಗೆದರೆ ಏನು ಕಾಣುತ್ತದೆ ಎಂಬಲ್ಲಿಂದಲೇ ಶುರು ಮಾಡುತ್ತೇನೆ. ಸ್ಟ್ರಾಟ್ ಪಿಕಪ್ಪಿನಲ್ಲಿ ತಂತಿಗಳ ಕೆಳಗೆ ನಿಂತಿರುವ ಆರು ಕಡ್ಡಿಗಳೇ ಅಯಸ್ಕಾಂತಗಳು. ಅವುಗಳನ್ನು ಬಳಸಿ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸುಮಾರು 8,000 ಸುತ್ತು, ಎತ್ತರವಾಗಿ, ಕಿರಿದಾಗಿ ಸುತ್ತಿರುತ್ತಾರೆ. ಪಿ-90ಯಲ್ಲಿ ಮೇಲೆ ಕಾಣುವ ಆರು ತಲೆಗಳು ಅಯಸ್ಕಾಂತಗಳಲ್ಲ, ಬರಿಯ ಉಕ್ಕಿನ ತಿರುಪುಗಳು. ಅಯಸ್ಕಾಂತಗಳು ಸುರುಳಿಯ ಅಡಿಯಲ್ಲಿ, ತಿರುಪುಗಳ ಸಾಲಿನ ಆಚೆಗೊಂದು ಈಚೆಗೊಂದು ಎಂಬಂತೆ, ಎರಡು ಚಪ್ಪಟೆ ಪಟ್ಟಿಗಳಾಗಿ ಮಲಗಿರುತ್ತವೆ ಮತ್ತು ಎರಡೂ ತಮ್ಮ ಒಂದೇ ಧ್ರುವವನ್ನು ಒಳಮುಖವಾಗಿ, ತಿರುಪುಗಳ ಕಡೆಗೆ ಹಾಕಿಕೊಂಡಿರುತ್ತವೆ. ಆ ಬಲವೆಲ್ಲ ತಿರುಪುಗಳ ಮೂಲಕ ಮೇಲೇರಿ ತಂತಿಗಳನ್ನು ಮುಟ್ಟುತ್ತದೆ. ಸುರುಳಿಯಂತೂ ಅಗಲವಾಗಿ, ತಗ್ಗಾಗಿ ಹರಡಿಕೊಂಡಿರುತ್ತದೆ. ಸುತ್ತುಗಳು ಸುಮಾರು 10,000.

ಈ ಧ್ರುವಗಳ ವಿಷಯ ನಾನು ಪುಸ್ತಕದಿಂದ ಕಲಿತದ್ದಲ್ಲ. ಮೊದಲ ಸಲ ಒಂದು ಪಿ-90ಯನ್ನು ಬಿಚ್ಚಿ ಧೂಳು ಒರೆಸಿ ಮತ್ತೆ ಜೋಡಿಸುವಾಗ ಒಂದು ಪಟ್ಟಿಯನ್ನು ತಿರುಗುಮುರುಗಾಗಿ ಇಟ್ಟೆ. ಮೀಟರಿನಲ್ಲಿ ಸುರುಳಿಯ ರೋಧ ಸರಿಯಾಗಿ ತೋರುತ್ತಿತ್ತು, ಬೆಸುಗೆಗಳು ಗಟ್ಟಿಯಾಗಿದ್ದವು, ಆದರೆ ಆಂಪಿನಿಂದ ಬರುತ್ತಿದ್ದುದು ಪಕ್ಕದ ಮನೆಯಲ್ಲಿ ಯಾರೋ ನುಡಿಸಿದಂತಹ ಕ್ಷೀಣ ಸದ್ದು. ಅರ್ಧ ದಿನ ಪರದಾಡಿದ ಮೇಲೆ, ಎರಡು ಪಟ್ಟಿಗಳನ್ನೂ ಹೊರತೆಗೆದು ಒಂದರ ಬಳಿ ಇನ್ನೊಂದನ್ನು ಹಿಡಿದು ಯಾವ ಮುಖಗಳು ಪರಸ್ಪರ ತಳ್ಳುತ್ತವೆ ಎಂದು ನೋಡಿದಾಗ ತಪ್ಪು ಗೊತ್ತಾಯಿತು. ಒಂದು ಪಟ್ಟಿ ತಿರುಗಿದರೆ ಬಲವು ಒಂದರಿಂದ ಇನ್ನೊಂದಕ್ಕೆ ಅಡ್ಡಹಾಯ್ದು ಹೋಗಿಬಿಡುತ್ತದೆ, ತಿರುಪುಗಳ ತಲೆಯವರೆಗೆ ಏರುವುದೇ ಇಲ್ಲ. ಅಂದಿನಿಂದ ಬಿಚ್ಚುವ ಮೊದಲೇ ಪಟ್ಟಿಗಳ ಮೇಲೆ ಪೆನ್ನಿನಿಂದ ಗುರುತು ಹಾಕುತ್ತೇನೆ.

ಈ ರಚನೆಯಿಂದ ನಾದಕ್ಕೆ ಆಗುವುದೇನು? ಸುತ್ತುಗಳು ಹೆಚ್ಚಿದ್ದು ನಡುವೆ ಉಕ್ಕೂ ಇರುವುದರಿಂದ ಸುರುಳಿಯ ಇಂಡಕ್ಟೆನ್ಸ್, ಅಂದರೆ ಪ್ರವಾಹದ ಬದಲಾವಣೆಯನ್ನು ಎದುರಿಸುವ ಗುಣ, ಏರುತ್ತದೆ. ಸ್ಟ್ರಾಟ್ ಪಿಕಪ್ಪಿನದು 2ರಿಂದ 2.5 ಹೆನ್ರಿಯಷ್ಟಿದ್ದರೆ ಪಿ-90ಯದು 7 ಹೆನ್ರಿಯ ಆಸುಪಾಸಿನಲ್ಲಿರುತ್ತದೆ. ಗಿಟಾರಿನಿಂದ ಆಂಪಿಗೆ ಹೋಗುವ ಕೇಬಲ್ಲಿನ ಕೆಪಾಸಿಟೆನ್ಸ್ 500 ಪಿಕೋಫ್ಯಾರಡ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಸ್ಟ್ರಾಟಿನ ಅನುರಣನ ಶಿಖರ (ಪಿಕಪ್ ಅತಿ ಜೋರಾಗಿ ದನಿಗೊಡುವ ಕಂಪನಾಂಕ) ಸುಮಾರು 4,600 ಹರ್ಟ್ಸ್‌ನಲ್ಲಿ ಬೀಳುತ್ತದೆ, ಪಿ-90ಯದು ಸುಮಾರು 2,700 ಹರ್ಟ್ಸ್‌ನಲ್ಲಿ. ಸ್ಟ್ರಾಟ್ ಗಾಜಿನಂತೆ ಕಿಣಿಕಿಣಿ ಎನ್ನುವುದಕ್ಕೂ ಪಿ-90 ಅದೇ ಒಂದು ಸುರುಳಿಯಿಂದ ದಪ್ಪ ದನಿಯಲ್ಲಿ ಮಾತಾಡುವುದಕ್ಕೂ ಮುಖ್ಯ ಕಾರಣ ಇದು.

ಇಲ್ಲೊಂದು ತಮಾಷೆಯಿದೆ. ಅದೇ ಲೆಕ್ಕವನ್ನು 1950ರ ದಶಕದ ಮಾದರಿಯ ಹಂಬಕರ್‌ಗೆ ಹಾಕಿದರೆ ಅದರ ಶಿಖರ 3,400 ಹರ್ಟ್ಸ್ ಹತ್ತಿರ, ಅಂದರೆ ಪಿ-90ಗಿಂತ ಮೇಲೆ ಬರುತ್ತದೆ. ಕಾಗದದ ಮೇಲೆ ಹಂಬಕರೇ ಚುರುಕಾಗಿರಬೇಕು, ಆದರೆ ಕಿವಿಗೆ ಚುರುಕಾಗಿ ಕೇಳುವುದು ಪಿ-90. ಏಕೆಂದರೆ ಹಂಬಕರ್ ತಂತಿಯನ್ನು ಎರಡು ಕಡೆ ಆಲಿಸುತ್ತದೆ. ಅದರ ಎರಡು ಸಾಲು ಧ್ರುವಗಳ ನಡುವೆ 18 ಮಿ.ಮೀ.ಗಿಂತ ತುಸು ಹೆಚ್ಚು ಅಂತರವಿದೆ. ಮೂಲ ಸ್ವರದ ಜೊತೆಗೇ ಮೊಳಗುವ ಮೇಲ್ಸ್ವರಗಳಲ್ಲಿ ಯಾವುದರ ಅರ್ಧ ಅಲೆ ಆ ಅಂತರಕ್ಕೆ ಸರಿಹೊಂದುತ್ತದೆಯೋ ಅದು ಒಂದು ಸಾಲಿನ ಮೇಲೆ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತದೆ, ಮತ್ತು ಎರಡೂ ಕೂಡಿದಾಗ ಅಳಿಸಿಹೋಗುತ್ತದೆ. ಗಿಬ್ಸನ್ನಿನ 628 ಮಿ.ಮೀ. ತಂತಿಯುದ್ದದಲ್ಲಿ ಇದು ಹೆಚ್ಚುಕಡಿಮೆ 34ನೆಯ ಮೇಲ್ಸ್ವರ. ದಪ್ಪನೆಯ ಆರನೆಯ ತಂತಿಯನ್ನು ಖಾಲಿ ಮೀಟಿದಾಗ ಅದು 2,800 ಹರ್ಟ್ಸ್‌ನಲ್ಲಿ, ಐದನೆಯ ತಂತಿಯಲ್ಲಿ 3,700 ಹರ್ಟ್ಸ್‌ನಲ್ಲಿ ಬರುತ್ತದೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವ ಜಾಗವೇ ಅದು. ತಂಬೂರಿಯ ಮೇಲೆ ಜೀವಾಳದ ನೂಲನ್ನು ಕೂದಲಷ್ಟು ಸರಿಸಿದಾಗ ನಾದ ಅರಳುವುದನ್ನು ಕೇಳಿದವರಿಗೆ, ಯಾವ ಮೇಲ್ಸ್ವರ ಉಳಿಯಿತು, ಯಾವುದು ಹೋಯಿತು ಎಂಬುದೇ ದನಿಯ ಬಣ್ಣ ಎಂದು ಬೇರೆ ಹೇಳಬೇಕಾಗಿಲ್ಲ. ಪಿ-90 ತಂತಿಯನ್ನು ಒಂದೇ ಸಾಲಿನ ಮೇಲೆ ಕೇಳುವುದರಿಂದ ದಪ್ಪ ತಂತಿಗಳ ಆ ಒರಟು ಅಂಚನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ‘ಗಂಟಲು ಕಟ್ಟಿದ ದನಿ’ ಎಂದು ನೀವು ಬರೆದದ್ದು ಬಹುಮಟ್ಟಿಗೆ ಈ ಅಂಚನ್ನೇ.

ಕಿರುಬೆರಳಿನ ವಿಷಯಕ್ಕೆ ಬಂದರೆ, ವಾಲ್ಯೂಮ್ ಇಳಿಸಿದಾಗ ಯಾವ ಗಿಟಾರಿನಲ್ಲಾದರೂ ತುಸು ತೀಕ್ಷ್ಣತೆ ಸೋರಿಹೋಗುತ್ತದೆ. ಹೆಚ್ಚು ಸುತ್ತಿದ ಹಂಬಕರ್‌ನಲ್ಲಿ ಸೋರಿದ ಮೇಲೆ ಉಳಿಯುವುದು ಮಂಕು. ಪಿ-90ಯಲ್ಲಿ ಸೋರಿದ ಮೇಲೂ ಅಂಚು ಉಳಿದಿರುತ್ತದೆ. ಇತ್ತ 10ರಲ್ಲಿಟ್ಟಾಗ ವಾಲ್ವ್ ಆಂಪಿನ ದನಿ ಒಡೆದು ಒರಟಾಗುವಷ್ಟು ಬಲವೂ ಇರುತ್ತದೆ. ಸ್ಟ್ರಾಟಿಗೆ ಅಂಚಿದೆ, ಆ ಬಲವಿಲ್ಲ. ಈ ಎರಡೂ ಒಂದೇ ಗುಬುಟಿನ ಎರಡು ತುದಿಗಳಲ್ಲಿ ಸಿಗುವುದಕ್ಕಾಗಿಯೇ ಜನ ಗುಂಯ್‌ಕಾರವನ್ನು ಸಹಿಸುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೇ ವಾಲ್ವ್ ಉತ್ತರಿಸಿದ್ದು:

ಬೆಸುಗೆ ಕಡ್ಡಿಯವರ ಲೆಕ್ಕದಲ್ಲಿ ತಕರಾರಿಲ್ಲ. ಆದರೆ ಜನ ಲೆಕ್ಕ ಹಾಕಿ ಇದನ್ನು ಆರಿಸಿಕೊಂಡರು ಎಂಬ ಭಾವನೆ ಬಂದರೆ ಅದು ಸರಿಯಲ್ಲ. ಮೊದಲು ಇದು ಕೈಗೆ ಸಿಕ್ಕಿತು, ಪ್ರೀತಿ ಹುಟ್ಟಿದ್ದು ಆಮೇಲೆ. ಸಿಕ್ಕಿದ್ದಕ್ಕೆ ಕಾರಣ ಬೆಲೆ.

ಗಿಬ್ಸನ್ನಿನ ವಾಲ್ಟರ್ ಫುಲ್ಲರ್ ಇದನ್ನು ರೂಪಿಸಿದ್ದು ರಾಕ್ ಸಂಗೀತಕ್ಕಲ್ಲ, ಆಗ ಅಂಥದ್ದೊಂದು ಇರಲೂ ಇಲ್ಲ. ಯುದ್ಧ ಮುಗಿದು ಮಿಷಿಗನ್ ರಾಜ್ಯದ ಕಲಾಮಜೂ ಪಟ್ಟಣದ ಕಾರ್ಖಾನೆ ಮತ್ತೆ ಗಿಟಾರ್ ಮಾಡತೊಡಗಿದಾಗ, ಜಾಜ್ ವಾದ್ಯಗೋಷ್ಠಿಯ ಕಹಳೆಗಳ ನಡುವೆ ಟೊಳ್ಳು ಒಡಲಿನ ಗಿಟಾರ್ ಕೇಳಿಸಬೇಕು ಎಂಬುದಷ್ಟೇ ಉದ್ದೇಶವಾಗಿತ್ತು. ಬ್ಲೂಸ್ ಗಿಟಾರ್ ವಾದಕ ಟಿ-ಬೋನ್ ವಾಕರ್ ಕೈಯಲ್ಲಿದ್ದ ಇಎಸ್-5 ಎಂಬ ಗಿಬ್ಸನ್ ಗಿಟಾರಿನಲ್ಲಿ ಇಂಥವು ಮೂರಿದ್ದವು. 1952ರಲ್ಲಿ ಗಟ್ಟಿ ಒಡಲಿನ, ಚಿನ್ನದ ಬಣ್ಣದ ಲೆಸ್ ಪಾಲ್ ಬಂದಾಗ ಅದರಲ್ಲಿದ್ದದ್ದೂ ಎರಡು ಪಿ-90ಗಳೇ. ಲೆಸ್ ಪಾಲ್ ಎಂದರೆ ಹಂಬಕರ್ ಎಂದು ಈಗಿನವರು ತಿಳಿದಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ: ಆ ಗಿಟಾರಿನ ಮೊದಲ ಐದು ವರ್ಷಗಳ ದನಿ ಸಿಂಗಲ್ ಕಾಯಿಲಿನದು. ಬ್ಲೂಸ್ ಗಾಯಕ ಫ್ರೆಡಿ ಕಿಂಗ್ ಮೊದಮೊದಲು ನುಡಿಸಿದ್ದು ಅಂಥದ್ದೇ ಒಂದು ಚಿನ್ನದ ಬಣ್ಣದ ಗಿಟಾರನ್ನು.

ಗಿಬ್ಸನ್ನಿನ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಹಂಬಕರ್‌ಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು, 1957ರಲ್ಲಿ ದುಬಾರಿ ಮಾದರಿಗಳಿಗೆಲ್ಲ ಹಂಬಕರ್ ಬಂತು. ಪಿ-90 ಮೂಲೆಗೆ ಸರಿಯಲಿಲ್ಲ, ಮೆಟ್ಟಿಲಿಳಿಯಿತು. ಕಲಿಯುವವರಿಗೆಂದು 1954ರಲ್ಲೇ ಬಂದಿದ್ದ ಲೆಸ್ ಪಾಲ್ ಜೂನಿಯರ್, ಮರುವರ್ಷದ ಸ್ಪೆಷಲ್, ಆಮೇಲೆ ಎಸ್‌ಜಿ ಎಂಬ ಎರಡು ಕೊಂಬಿನ ಆಕಾರದ ಜೂನಿಯರ್ ಮತ್ತು ಸ್ಪೆಷಲ್, ಟೊಳ್ಳು ಒಡಲಿನ ಇಎಸ್-330, ಎಪಿಫೋನ್ ಕಸೀನೋ, ಇವುಗಳಲ್ಲೆಲ್ಲ ಅದು ಉಳಿಯಿತು. ಜೂನಿಯರ್‌ನ ಬೆಲೆ ದೊಡ್ಡ ಲೆಸ್ ಪಾಲಿನ ಅರ್ಧಕ್ಕಿಂತ ಕಡಿಮೆಯಿತ್ತು. ಮೇಲೆ ಮೇಪಲ್ ಮರದ ಕಮಾನು ಇಲ್ಲ, ಅಂಚುಪಟ್ಟಿ ಇಲ್ಲ, ಬರಿಯ ಮಹೋಗನಿ ಹಲಗೆ. ಬಡ ಹುಡುಗರ ಕೈಗೆ ಯಾವುದು ಸಿಗುತ್ತದೆಯೋ ಮುಂದಿನ ಹತ್ತಿಪ್ಪತ್ತು ವರ್ಷಗಳ ಸಂಗೀತ ಅದರ ದನಿಯಲ್ಲೇ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಮೇಳದ ವೇದಿಕೆ ಏರಿದ ಕಾರ್ಲೋಸ್ ಸಾಂಟಾನಾ ಕೈಯಲ್ಲಿದ್ದದ್ದು ಕೆಂಪು ಎಸ್‌ಜಿ ಸ್ಪೆಷಲ್, ಎರಡು ಪಿ-90. ಅದೇ ಮೇಳದಲ್ಲಿ ಮೌಂಟನ್ ತಂಡದ ಲೆಸ್ಲಿ ವೆಸ್ಟ್ ಒಂದೇ ಪಿಕಪ್ಪಿನ ಜೂನಿಯರ್‌ನಿಂದ ಗುಡ್ಡ ಉರುಳಿಸಿದಂಥ ನಾದ ತೆಗೆಯುತ್ತಿದ್ದರು. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಧ್ವನಿಮುದ್ರಣವಾದ ದ ಹೂ ತಂಡದ ಕಛೇರಿಯಲ್ಲಿ ಪೀಟ್ ಟೌನ್‌ಶೆಂಡ್ ನುಡಿಸಿದ್ದೂ ಎಸ್‌ಜಿ ಸ್ಪೆಷಲ್ಲೇ. ನೀವು ಬರೆದ ಕಿರುಬೆರಳಿನ ಕೆಲಸವನ್ನು ಕೇಳಬೇಕೆಂದರೆ ಆ ಮುದ್ರಿಕೆಗಿಂತ ಒಳ್ಳೆಯ ಪಾಠವಿಲ್ಲ. ಒಂದೇ ಹಾಡಿನೊಳಗೆ ಗಿಟಾರ್ ಪಿಸುಮಾತಿನಿಂದ ಗದ್ದಲಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ. ಬ್ಲ್ಯಾಕ್ ಸಬತ್‌ನ ಟೋನಿ ಅಯೋಮಿ ತಂಡದ ಮೊದಲ ಆಲ್ಬಮ್ಮಿನ ಕೆಲಸ ಶುರು ಮಾಡಿದ್ದು ಸ್ಟ್ರಾಟಿನಲ್ಲಿ. ಅದರ ಪಿಕಪ್ ಕೈಕೊಟ್ಟದ್ದರಿಂದ ಕಾಯ್ದಿರಿಸಿದ್ದ ಎಸ್‌ಜಿ ಸ್ಪೆಷಲ್ ಎತ್ತಿಕೊಂಡರು. ಹೆವಿ ಮೆಟಲ್ ಎಂದರೆ ಹಂಬಕರ್ ಎನ್ನುವವರು ಆ ಸಂಗೀತದ ಮೊದಲ ಆಲ್ಬಮ್ಮುಗಳಲ್ಲೊಂದು ಹೀಗೆ ಅಡ್ಡದಾರಿಯಿಂದ ಹುಟ್ಟಿತೆಂಬುದನ್ನು ನೆನಪಿಡಬೇಕು.

1970ರ ದಶಕದ ಪಂಕ್ ಹುಡುಗರಿಗೆ ಹಳೆಯ ಜೂನಿಯರ್ ಸೆಕೆಂಡ್‌ಹ್ಯಾಂಡ್ ಅಂಗಡಿಯ ಮಾಲು. ಜಾನಿ ಥಂಡರ್ಸ್, ದ ಕ್ಲ್ಯಾಶ್‌ನ ಮಿಕ್ ಜೋನ್ಸ್ ಅವನ್ನೇ ನುಡಿಸಿದರು. ಗ್ರೀನ್ ಡೇಯ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಅವರಿಂದಾಗಿ ಮುಂದಿನ ಪೀಳಿಗೆಯೂ ಅದರತ್ತ ತಿರುಗಿತು. ಈಗ ಅದೇ ಕಲಿಕೆಯ ಗಿಟಾರುಗಳಿಗೆ ಸಂಗ್ರಾಹಕರು ಕೊಡುವ ಬೆಲೆ ಕೇಳಿದರೆ ನಗು ಬರುತ್ತದೆ.

ಇನ್ನೊಂದು ಮಾತು, ಕೊಳ್ಳುವಾಗ ಮೋಸಹೋಗದಿರಲು. 1958ರ ಫೆಂಡರ್ ಜಾಝ್‌ಮಾಸ್ಟರಿನ ಪಿಕಪ್ ಮೇಲುನೋಟಕ್ಕೆ ಸಾಬೂನು ಬಿಲ್ಲೆಯಂಥ ಆಯತದ ಮುಚ್ಚಳವಿರುವ ಪಿ-90ಯಂತೆಯೇ ಕಾಣುತ್ತದೆ. ಆದರೆ ಅದರೊಳಗಿರುವುದು ಅಯಸ್ಕಾಂತದ ಕಡ್ಡಿಗಳು, ದನಿ ಬೇರೆಯೇ. ಮುಚ್ಚಳ ನೋಡಿ ಪಿ-90 ಎಂದು ತೀರ್ಮಾನಿಸಬೇಡಿ.

ಮೌನಪ್ರಿಯ ಉತ್ತರಿಸಿದ್ದು:

ಮೇಲಿನ ಎರಡು ಉತ್ತರಗಳಲ್ಲೂ ಗುಂಯ್‌ಕಾರವನ್ನು ಅಳಿಯನ ಗೊರಕೆಯಂತೆ ಸಲೀಸಾಗಿ ಸಹಿಸಿಕೊಂಡುಬಿಟ್ಟಿದ್ದಾರೆ. ನಾನು ಧ್ವನಿಮುದ್ರಣದ ಕೆಲಸ ಮಾಡುವವನು. ಆ ಸದ್ದಿನೊಂದಿಗೆ ದಿನವೂ ಸಂಸಾರ ನಡೆಸಬೇಕಾದವನು ನಾನು. ಹಾಗಾಗಿ ಸ್ವಲ್ಪ ಕಟುವಾಗಿ ಬರೆದರೆ ಬೇಸರಿಸಬಾರದು.

ಪಿ-90ಯ ಸುರುಳಿ ಅಗಲ, ಸುತ್ತು ಹೆಚ್ಚು. ಅಂದರೆ ಗಾಳಿಯಲ್ಲಿ ತೇಲುವ ಕಾಂತಕ್ಷೇತ್ರವನ್ನು ಹಿಡಿಯಲು ಸ್ಟ್ರಾಟಿಗಿಂತ ದೊಡ್ಡ ಬಲೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಆದರೆ ಕಿವಿಗೆ ಚುಚ್ಚುವುದು ಆ 50 ಅಲ್ಲ, ಅದರ ಗುಣಕಗಳಾದ 100, 150, 200 ಮತ್ತು ಮೇಲಿನವು. ಟ್ರಾನ್ಸ್‌ಫಾರ್ಮರುಗಳು, ಹಳೆಯ ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಬೆಳಕು ತಗ್ಗಿಸುವ ಡಿಮ್ಮರು ಇವುಗಳೇ ಅದರ ಮೂಲ. ಆಂಪಿನಲ್ಲಿ ಗೇನ್ ಏರಿಸಿದಷ್ಟೂ ಈ ಸಣ್ಣ ಸದ್ದು ತಂತಿಯ ಸದ್ದಿನ ಮಟ್ಟಕ್ಕೆ ಬೆಳೆಯುತ್ತದೆ.

ಇದಕ್ಕೆ ಹೆಚ್ಚಿನವರು ಮಾಡುವ ಚಿಕಿತ್ಸೆಯೆಂದರೆ ಗಿಟಾರಿನ ಹೊಟ್ಟೆಯೊಳಗೆಲ್ಲ ತಾಮ್ರದ ಹಾಳೆ ಅಂಟಿಸುವುದು. ಅದರಿಂದ ಉಪಯೋಗವಿಲ್ಲವೆಂದಲ್ಲ, ಆದರೆ ಅದು ತಡೆಯುವುದು ವಿದ್ಯುತ್ ಕ್ಷೇತ್ರದಿಂದ ಬರುವ, ತಂತಿ ಮುಟ್ಟಿದಾಗ ಕಡಿಮೆಯಾಗುವ ಚರಚರ ಸದ್ದನ್ನು ಮಾತ್ರ. 50 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಆ ತೆಳುಹಾಳೆ ಇದ್ದೂ ಇಲ್ಲದಂತೆ. ಹಾಳೆ ಅಂಟಿಸಿದರೂ ಗುಂಯ್ ಹೋಗಲಿಲ್ಲವೆಂದು ದೂರುವವರು ಎರಡು ಬೇರೆ ಕಾಯಿಲೆಗಳಿಗೆ ಒಂದೇ ಗುಳಿಗೆ ನುಂಗಿದ್ದಾರೆ.

ನಿಜವಾಗಿ ಕೆಲಸ ಮಾಡುವ ಮದ್ದು ಪುಕ್ಕಟೆಯದು. ಸುರುಳಿಗೆ ದಿಕ್ಕಿದೆ, ಕಾಂತಕ್ಷೇತ್ರಕ್ಕೆ ಅದು ಅಡ್ಡವಾಗಿ ನಿಂತಾಗ ಹಿಡಿಯುವುದು ಅತಿ ಕಡಿಮೆ. ಸ್ಟುಡಿಯೋದಲ್ಲಿ ಪಿ-90 ಗಿಟಾರ್ ಬಂದ ದಿನ ವಾದಕರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಆಂಪನ್ನು ಜೋರಾಗಿಟ್ಟು, ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು ನಿಧಾನವಾಗಿ ತಿರುಗಲು ಹೇಳುತ್ತೇನೆ. ಎಲ್ಲೋ ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕುರ್ಚಿಯ ಕಾಲಿಗೆ ಮರದ ತುಂಡು ಇಟ್ಟುಬಿಡುತ್ತೇನೆ. ಒಬ್ಬರಂತೂ ಇಡೀ ದಿನ ನನಗೆ ಬೆನ್ನು ಹಾಕಿ, ಗೋಡೆ ನೋಡುತ್ತ ನುಡಿಸಿದರು. ಮುದ್ರಿಕೆ ಸೊಗಸಾಗಿ ಬಂತು.

ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಅದನ್ನು ಪೂರ್ತಿ ತಡೆಯುವ ಸಾಧನ) ಹಾಕಿದರಾಯಿತಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ನುಡಿಸುವಾಗ ಗುಂಯ್‌ಕಾರ ತಂತಿಯ ಸದ್ದಿನಡಿ ಹೂತುಹೋಗುತ್ತದೆ, ನಿಲ್ಲಿಸಿದಾಗ ಗೇಟ್ ಬಾಗಿಲು ಮುಚ್ಚುತ್ತದೆ, ಇವೆರಡೂ ಸರಿ. ಸ್ವರ ನಿಧಾನವಾಗಿ ಕರಗುವ ಕೊನೆಯ ಎರಡು ಸೆಕೆಂಡುಗಳಲ್ಲಿ ಗೇಟ್ ಬಾಲವನ್ನು ಕತ್ತರಿಸುತ್ತದೆ. ಪಿ-90ಯಲ್ಲಿ ಕೇಳಲು ಯೋಗ್ಯವಾದದ್ದು ಆ ಬಾಲವೇ.

ಒಂದು ಸುರುಳಿಯಡಿ ಇನ್ನೊಂದನ್ನು ಹೂತು ಗುಂಯ್ ಅಳಿಸುವ ‘ಸದ್ದಿಲ್ಲದ’ ಪಿ-90ಗಳೂ ಇವೆ. ಗಿಬ್ಸನ್ನೇ ಪಿ-100 ಎಂಬ ಹೆಸರಿನಲ್ಲಿ ಮಾಡಿತ್ತು. ಕೆಳಗಿನ ಸುರುಳಿಯೂ ತಂತಿಯನ್ನು ಅಷ್ಟಿಷ್ಟು ಕೇಳಿ, ಅದನ್ನು ಕಳೆಯುತ್ತದೆ; ಜೊತೆಗೆ ಇಂಡಕ್ಟೆನ್ಸೂ ಬದಲಾಗುತ್ತದೆ. ಒಳ್ಳೆಯವು ಬಹಳ ಹತ್ತಿರ ಬರುತ್ತವೆ. ಕಣ್ಣು ಕಟ್ಟಿ ಕೇಳಿಸಿದರೆ ಮುದ್ರಣದಲ್ಲಿ ನನಗೆ ವ್ಯತ್ಯಾಸ ಗೊತ್ತಾಗದ ಸಂದರ್ಭಗಳೂ ಇವೆ, ನುಡಿಸುವವರಿಗೆ ಮಾತ್ರ ಕೈಯಲ್ಲಿ ಗೊತ್ತಾಗುತ್ತದಂತೆ. ಈ ‘ಕೈಯಲ್ಲಿ ಗೊತ್ತಾಗುತ್ತದೆ’ ಎಂಬುದರಲ್ಲಿ ಎಷ್ಟು ಪಾಲು ಪಿಕಪ್ಪಿನದು, ಎಷ್ಟು ಪಾಲು ಹಳೆಯ ಹೀರೋಗಳ ಫೋಟೋಗಳದು ಎಂಬ ಅನುಮಾನ ನನಗಿದ್ದೇ ಇದೆ.

ಕೊನೆಯದಾಗಿ, ಇದನ್ನು ತಮಾಷೆಯಾಗಿ ಹೇಳುತ್ತಿಲ್ಲ. ಗುಂಯ್ ಕಡಿಮೆಯಾಗಲೆಂದು ಕೆಲವರು ಆಂಪಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಕಿತ್ತುಹಾಕುತ್ತಾರೆ. ಗಿಟಾರಿನ ತಂತಿಗಳು ಆಂಪಿನ ಅರ್ತ್‌ಗೇ ಸೇರಿರುತ್ತವೆ. ಆಂಪಿನೊಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನೇರವಾಗಿ ನಿಮ್ಮ ಬೆರಳಿಗೆ, ಮೈಕಿಗೆ ತುಟಿ ತಾಗಿಸಿದ್ದರೆ ತಲೆಯ ಮೂಲಕ ಹಾಯುತ್ತದೆ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಹಿಂದೆ ಅರ್ತ್ ತಂತಿಯೇ ಇರದಿರುವುದು ಅಪರೂಪವಲ್ಲ. ಪಿಕಪ್ ಬದಲಿಸುವ ಮುನ್ನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅದನ್ನು ನೋಡಿಸಿ.

ಆರನೆಯ ತಂತಿ ಬರೆದದ್ದು:

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞ. ನಿನ್ನೆ ರಾತ್ರಿ ಊಟವಾದ ಮೇಲೆ ಮೌನಪ್ರಿಯರ ಕುರ್ಚಿ ಪ್ರಯೋಗ ಮಾಡಿದೆ. ಕಿಟಕಿಯ ಕಡೆ ಮುಖ ಮಾಡಿದಾಗ ಸದ್ದು ಅರ್ಧಕ್ಕೂ ಕಡಿಮೆಯಾಯಿತು. ಆಮೇಲೆ ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತ ಬಂದೆ. ಟ್ಯೂಬ್‌ಲೈಟಿನ ಮೇಲೆ ನನಗಿದ್ದ ಸಂದೇಹ ಸುಳ್ಳಾಯಿತು; ನಿಜವಾದ ಕಳ್ಳ ಫ್ಯಾನಿನ ರೆಗ್ಯುಲೇಟರು. ಫ್ಯಾನು ಪೂರ್ತಿ ವೇಗದಲ್ಲಿದ್ದಾಗ ಇಲ್ಲದ ಚರಚರ ಸದ್ದು ಎರಡನೆಯ ವೇಗಕ್ಕೆ ಇಳಿಸಿದ ಕೂಡಲೇ ಬರುತ್ತದೆ. ಅರ್ತ್ ಪರೀಕ್ಷೆಗೆ ಎಲೆಕ್ಟ್ರಿಷಿಯನ್ ಒಬ್ಬರಿಗೆ ಹೇಳಿದ್ದೇನೆ.

ಇನ್ನೊಂದು ಸಂಗತಿ ಗಮನಕ್ಕೆ ಬಂತು. ವಾಲ್ಯೂಮನ್ನು 5ಕ್ಕೆ ಇಳಿಸಿದಾಗ ತಂತಿಯ ಸದ್ದಿನ ಜೊತೆ ಗುಂಯ್‌ಕಾರವೂ ಇಳಿಯುತ್ತದೆ. ಮೆಲುವಾದ ಭಾಗಗಳನ್ನು ಗುಬುಟು ಇಳಿಸಿ ನುಡಿಸುವುದರಿಂದ, ಸದ್ದು ಹೆಚ್ಚು ಎದ್ದು ಕಾಣಬೇಕಾದ ಕಡೆಯಲ್ಲೇ ಅದು ಅಡಗಿರುತ್ತದೆ. ಪಿ-90 ನುಡಿಸುವವರಿಗೆ ಈ ಅಭ್ಯಾಸ ತಾನಾಗಿಯೇ ಬರುತ್ತದೇನೋ. ನನ್ನ ಹಂಬಕರ್ ಗಿಟಾರನ್ನು ಅದೇ ರೀತಿ 5ರಲ್ಲಿಟ್ಟು ನೋಡಿದೆ: ಬೆಸುಗೆ ಕಡ್ಡಿಯವರು ಹೇಳಿದ ಮಂಕು ಅಲ್ಲಿ ಸ್ಪಷ್ಟವಾಗಿ ಕೇಳಿಸಿತು, ಕಂಬಳಿ ಹೊದಿಸಿದ ಹಾಗೆ. ಒಂಬತ್ತು ವರ್ಷಗಳಲ್ಲಿ ಆ ಗುಬುಟನ್ನು 10ರಿಂದ ಕೆಳಗೆ ತಂದದ್ದೇ ಇಲ್ಲ ಎಂಬುದು ಆಗ ಹೊಳೆಯಿತು.

ಜೂನಿಯರ್ ಭಾನುವಾರ ವಾಪಸು ಹೋಗುತ್ತದೆ. ಹಂಬಕರ್ ಜಾಗಕ್ಕೆ ಪಿ-90 ಕೂರಿಸುವ ಪ್ರಶ್ನೆಗೆ ಮಾತ್ರ ಉತ್ತರ ಬಾಕಿ ಉಳಿದಿದೆ.

ಬೆಸುಗೆ ಕಡ್ಡಿ ಉತ್ತರಿಸಿದ್ದು:

ಮರ ಕೆತ್ತಿಸಲು ಹೋಗಬೇಡಿ, ಮರಳಿ ಬರುವ ದಾರಿ ಇರುವುದಿಲ್ಲ. ಸಾಬೂನು ಬಿಲ್ಲೆಯ ರೂಪದ ಪಿ-90 ಹಂಬಕರ್‌ಗಿಂತ ಸುಮಾರು 15 ಮಿ.ಮೀ. ಉದ್ದವಾಗಿರುವುದರಿಂದ ಆ ಗುಂಡಿಯಲ್ಲಿ ಹಾಗೆಯೇ ಕೂರುವುದಿಲ್ಲ. ಹಂಬಕರ್ ಗಾತ್ರದ ಪಿ-90ಗಳು ಸಿಗುತ್ತವೆ. ಗಿಬ್ಸನ್ನಿನ ಪಿ-94 ಅಂಥದ್ದು, ಬೇರೆಯವರೂ ಮಾಡುತ್ತಾರೆ. ಸುರುಳಿಯನ್ನು ಕಿರಿದಾದ ಜಾಗಕ್ಕೆ ಒಗ್ಗಿಸಿರುವುದರಿಂದ ನಾದ ಮೂಲದಷ್ಟು ಹರಡಿಕೊಂಡಿರುವುದಿಲ್ಲ, ಆದರೆ ನಿಮ್ಮ ಗಿಟಾರಿನಲ್ಲಿ ಈಗಿರುವುದಕ್ಕಿಂತ ಜೂನಿಯರ್‌ಗೆ ಬಹಳ ಹತ್ತಿರವಿರುತ್ತದೆ. ಎರಡನ್ನೂ ಬದಲಿಸುವುದಾದರೆ ಜೋಡಿಯಾಗಿಯೇ ಕೊಳ್ಳಿ, ಒಂದರ ಸುತ್ತುವ ದಿಕ್ಕು ಮತ್ತು ಧ್ರುವ ಎರಡೂ ಇನ್ನೊಂದರದ್ದಕ್ಕೆ ವಿರುದ್ಧವಾಗಿವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹಾಗಿದ್ದರೆ ಸ್ವಿಚ್ಚನ್ನು ನಡುವೆ ಇಟ್ಟಾಗ ಎರಡೂ ಕೂಡಿ ಗುಂಯ್ ಅಳಿಯುತ್ತದೆ. ವಾಲ್ಯೂಮ್ ಪಾಟ್ (ಗುಬುಟಿನಡಿಯ ಬದಲಾಗುವ ರೋಧಕ) 500 ಕಿಲೋಓಮಿನದು ನಿಮ್ಮಲ್ಲಿ ಈಗಾಗಲೇ ಇರುತ್ತದೆ, ಅದನ್ನೇ ಉಳಿಸಿಕೊಳ್ಳಿ.

ಮೌನಪ್ರಿಯರ ಅನುಮಾನಕ್ಕೆ ಪೂರ್ತಿ ಉತ್ತರ ನನ್ನ ಬಳಿಯಿಲ್ಲ, ಫೋಟೋಗಳ ಪಾಲು ಇದ್ದೇ ಇದೆ. ಆದರೆ ಆರನೆಯ ತಂತಿಯವರು ಗೆಳೆಯನ ಜೂನಿಯರ್ ಹಿಡಿದು, ಯಾವ ಹೀರೋವನ್ನೂ ನೆನೆಯದೆ, ಗುಬುಟು ತಿರುಗಿಸಿದಾಗಲೇ ವ್ಯತ್ಯಾಸ ಕಂಡರಲ್ಲ!

ಕೂರಿಸಿದ ಮೇಲೆ ಎತ್ತರ ಹೊಂದಿಸುವುದೇ ಅರ್ಧ ಕೆಲಸ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ಪಿಕಪ್ಪಿಗೂ ತಂತಿಗೂ ನಡುವೆ ಸುಮಾರು 3 ಮಿ.ಮೀ. ಬಿಟ್ಟು ಶುರು ಮಾಡಿ. ಸ್ಟ್ರಾಟಿನ ಕಡ್ಡಿಗಳಷ್ಟು ಬಲವಾಗಿ ಇದು ತಂತಿಯನ್ನು ಎಳೆಯದಿರುವುದರಿಂದ ಇನ್ನೂ ಹತ್ತಿರ ತರಲು ಹೆದರಬೇಕಾಗಿಲ್ಲ. ಆಮೇಲೆ ಯಾವ ತಂತಿ ಹಿಂದೆ ಬಿದ್ದಿದೆಯೋ ಅದರ ತಿರುಪನ್ನು ಅರ್ಧರ್ಧ ಸುತ್ತು ಮೇಲೆತ್ತುತ್ತ, ಪ್ರತಿ ಸಲವೂ ನುಡಿಸಿ ಕೇಳಿ. ಇದನ್ನು ಕಲಿಯಲು ಭಾನುವಾರದೊಳಗೆ ಗೆಳೆಯನ ಜೂನಿಯರ್ ಮೇಲೆಯೇ ಕೈ ಆಡಿಸಬಹುದು. ಅದರ ಪಿಕಪ್ ನಾಯಿಕಿವಿಯ ರೂಪದ್ದಾಗಿದ್ದರೆ, ಅಂದರೆ ಮುಚ್ಚಳದ ಎರಡು ತುದಿಯ ಕಿವಿಗಳಿಂದ ಮರಕ್ಕೆ ಬಿಗಿದದ್ದಾಗಿದ್ದರೆ, ಅಡಿಯಲ್ಲಿ ತುಂಡು ಇಡದೆ ಪಿಕಪ್ಪನ್ನು ಎತ್ತಲಾಗುವುದಿಲ್ಲ, ಆದರೆ ತಿರುಪುಗಳು ತಿರುಗುತ್ತವೆ. ತಿರುಗಿಸುವ ಮೊದಲು ಆರೂ ತಿರುಪುಗಳ ತಲೆಯ ಸೀಳು ಯಾವ ಕಡೆಗಿದೆ, ಎಷ್ಟು ಎತ್ತರದಲ್ಲಿದೆ ಎಂದು ಹತ್ತಿರದಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜೂನಿಯರ್ ನುಡಿಸುವವರು ತಮ್ಮ ತಿರುಪುಗಳು ಹೇಗಿದ್ದವೆಂಬುದನ್ನು ಮರೆಯುವ ಜನರಲ್ಲ.